ಬೇಸಿಗೆಯ ಅತಿಥಿಗೆ ತಣ್ಣನೆಯ ಪಾನಕ: ಬರ್ಫದ ಯಂತ್ರ ಕೊಳ್ಳುವ ಮುನ್ನ

ಚೈತ್ರ-ವೈಶಾಖ ಬಂತೆಂದರೆ ಮೈಂದರ್ಗಿ, ಅಕ್ಕಲಕೋಟ, ಸೊಲ್ಲಾಪುರದ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ಮಹಾವೀರ ಜಯಂತಿ, ಅಕ್ಷಯ ತೃತೀಯೆ, ಮಕ್ಕಳ ರಜೆ, ಮದುವೆಯ ಮಾತುಕತೆ, ಎಲ್ಲವೂ ಇದೇ ದಿನಗಳಲ್ಲಿ. ಹಸ್ತಿನಾಪುರದಲ್ಲಿ ಶ್ರೇಯಾಂಸ ರಾಜನು ಭಗವಾನ್ ಆದಿನಾಥರಿಗೆ ಇಕ್ಷುರಸದ ಆಹಾರ ನೀಡಿದ ದಿನವೇ ಅಕ್ಷಯ ತೃತೀಯೆ. ಬಾಗಿಲಿಗೆ ಬಂದವರ ಬಾಯಾರಿಕೆ ತಣಿಸುವುದು ನಮಗೆ ಬರೀ ಉಪಚಾರವಲ್ಲ, ಗೃಹಸ್ಥ ಧರ್ಮದ ಒಂದು ಭಾಗ.

ಈಚೆಗೆ ಮೇಜಿನ ಮೇಲೆ ಇಡಬಹುದಾದ, ನಳದ ಜೋಡಣೆ ಬೇಡದ, ಕೈಯಲ್ಲಿ ಎತ್ತಿ ಒಯ್ಯಬಹುದಾದ ಬರ್ಫದ ಯಂತ್ರಗಳು ಪೇಟೆಗೆ ಬಂದಿವೆ. ಹತ್ತು ನಿಮಿಷದಲ್ಲಿ ಬರ್ಫ ಸಿದ್ಧ ಎನ್ನುವ ಜಾಹೀರಾತು ನೋಡಿ ಅನೇಕ ಮನೆಗಳಲ್ಲಿ ಅದು ಬೇಕೆಂಬ ಮಾತು ಹೊರಟಿದೆ. ಕೊಳ್ಳುವ ಮುನ್ನ ಯೋಚಿಸಬೇಕಾದ ಕೆಲವು ಸಂಗತಿಗಳನ್ನು ಓದುಗರ ಮುಂದೆ ಇಡುತ್ತೇವೆ.

ಮೊದಲು ಮನೆಯ ನಿಯಮ

ನಮ್ಮ ಪರಂಪರೆ ಹೇಳುವ ಇಪ್ಪತ್ತೆರಡು ಅಭಕ್ಷ್ಯಗಳಲ್ಲಿ ಆಲಿಕಲ್ಲು ಮತ್ತು ಹಿಮ ಸೇರಿವೆ. ಆದ್ದರಿಂದಲೇ ಅನೇಕ ಹಿರಿಯರು, ವ್ರತಿಕರು ಬರ್ಫವನ್ನು ಮುಟ್ಟುವುದಿಲ್ಲ. ಕಾಯಿಸಿದ ನೀರಿನಿಂದ ಮಾಡಿದ್ದೇವೆ ಎಂದು ಹೇಳಿದರೂ ತ್ಯಾಗ ಮಾಡಿದವರಿಗೆ ಅದು ಸಲ್ಲದು, ಅವರನ್ನು ಒತ್ತಾಯಿಸಲೂಬಾರದು. ಅದೇ ಮನೆಯಲ್ಲಿ ಬರ್ಫ ಬಳಸುವ ಕಿರಿಯರಿರುತ್ತಾರೆ. ವ್ಯಾಪಾರದ ಸಂಬಂಧದಿಂದ ಬರುವ ಅನ್ಯ ಸಮಾಜದ ಅತಿಥಿಗಳೂ ಇರುತ್ತಾರೆ. ಯಂತ್ರ ಬೇಕೋ ಬೇಡವೋ ಎಂಬುದನ್ನು ಅಂಗಡಿಯಲ್ಲಿ ನಿಂತು ತೀರ್ಮಾನಿಸದೆ, ಮನೆಯ ಹಿರಿಯರೊಡನೆ ಕುಳಿತು ತೀರ್ಮಾನಿಸುವುದು ಒಳ್ಳೆಯದು.

ಪೇಟೆಯ ಬರ್ಫ

ಬರ್ಫ ಒಂದು ಕಾಲಕ್ಕೆ ಹಡಗಿನ ಸರಕಾಗಿತ್ತು. 1833ರಲ್ಲಿ ಅಮೆರಿಕದ ಬಾಸ್ಟನ್ನಿನ ವ್ಯಾಪಾರಿ ಫ್ರೆಡರಿಕ್ ಟ್ಯೂಡರ್ ಕೆರೆಗಳಲ್ಲಿ ಹೆಪ್ಪುಗಟ್ಟಿದ ಸುಮಾರು 180 ಟನ್ ಬರ್ಫವನ್ನು ಕಲಕತ್ತೆಗೆ ಕಳಿಸಿದ. ನಾಲ್ಕು ತಿಂಗಳ ಪ್ರಯಾಣದಲ್ಲಿ ಕರಗಿ ಉಳಿದದ್ದು ಸುಮಾರು 100 ಟನ್. ಆದರೂ ವ್ಯಾಪಾರ ಲಾಭದ್ದಾಯಿತು. ಅಂಥ ಬರ್ಫ ಇಡಲು ಮದ್ರಾಸಿನಲ್ಲಿ ಕಟ್ಟಿದ ಮನೆಯೇ ಇಂದಿನ ವಿವೇಕಾನಂದ ಭವನ. ಯಂತ್ರದ ಬರ್ಫ ಬಂದ ಮೇಲೆ ಆ ವ್ಯಾಪಾರ ನಿಂತಿತು.

ಇಂದು ಕಾರ್ಖಾನೆಯ ಬರ್ಫ ಎಲ್ಲ ಕಡೆ ಸಿಗುತ್ತದೆ. ಆದರೆ ಅದರ ನೀರು ಎಲ್ಲಿಯದು ಎಂದು ಯಾರಿಗೆ ಗೊತ್ತು? ಹೆಪ್ಪುಗಟ್ಟಿದ ಮಾತ್ರಕ್ಕೆ ರೋಗಾಣು ಸಾಯುವುದಿಲ್ಲ. ಕೆಟ್ಟ ನೀರಿನ ಬರ್ಫದಿಂದ ವಾಂತಿ-ಭೇದಿ, ವಿಷಮಶೀತ ಜ್ವರ, ಕಾಮಾಲೆ ಬರಬಹುದು. ಇದೇ ಕಾರಣಕ್ಕೆ 2018ರಲ್ಲಿ ಮಹಾರಾಷ್ಟ್ರದ ಆಹಾರ ಮತ್ತು ಔಷಧ ಆಡಳಿತವು ತಿನ್ನಲು ಯೋಗ್ಯವಲ್ಲದ ಬರ್ಫಕ್ಕೆ ನೀಲಿ ಬಣ್ಣ ಹಾಕಬೇಕೆಂದು ಆದೇಶಿಸಿತು. ಬರ್ಫ ಬಳಸುವುದೇ ಆದರೆ ಸೋಸಿ ಕಾಯಿಸಿದ ನೀರಿನಿಂದ ಮನೆಯಲ್ಲಿಯೇ ಮಾಡಿಕೊಳ್ಳುವುದು ಮೇಲು. ಯಂತ್ರದ ನಿಜವಾದ ಉಪಯೋಗ ಇದೇ.

ಎಷ್ಟು ಬರ್ಫ ಬೇಕು?

ವ್ಯಾಪಾರಿಗಳ ಮನೆ, ಲೆಕ್ಕ ಹಾಕದೆ ವಸ್ತು ಕೊಳ್ಳಬಾರದು. ಮೂವತ್ತು ಜನ ಬರುತ್ತಾರೆ, ತಲಾ 200 ಮಿಲಿಲೀಟರ್ ಪಾನಕ ಎಂದರೆ 6 ಲೀಟರ್. 36 ಡಿಗ್ರಿಯ ಪಾನಕವನ್ನು 16 ಡಿಗ್ರಿಗೆ ಇಳಿಸಲು ಸುಮಾರು ಒಂದೂಕಾಲು ಕಿಲೋ ಬರ್ಫ ಬೇಕು.

ಈಗ ನಮ್ಮ ಅಜ್ಜಿಯರ ಮಣ್ಣಿನ ಹರವಿಯನ್ನು ನೆನೆಯೋಣ. ಅದರ ಮೈಯಿಂದ ಜಿನುಗುವ ನೀರು ಒಣ ಗಾಳಿಗೆ ಆವಿಯಾಗುವಾಗ ಒಳಗಿನ ನೀರಿನ ಶಾಖವನ್ನೂ ಒಯ್ಯುತ್ತದೆ. ನಮ್ಮ ಒಣ ಬೇಸಿಗೆಯಲ್ಲಿ ನೆರಳಿನಲ್ಲಿಟ್ಟ ಹರವಿಯ ನೀರು 26-28 ಡಿಗ್ರಿಗೆ ಇಳಿಯಬಲ್ಲದು. 26 ಡಿಗ್ರಿಯ ನೀರಿನಿಂದ ಪಾನಕ ಮಾಡಿದರೆ ಬರ್ಫ ಅರ್ಧಕ್ಕೆ ಇಳಿಯುತ್ತದೆ, ಒಂದೂಕಾಲು ಕಿಲೋ ಇದ್ದದ್ದು ಮುಕ್ಕಾಲು ಕಿಲೋದೊಳಗೆ ಬರುತ್ತದೆ. ಇದಕ್ಕೆ ವಿದ್ಯುತ್ತೂ ಬೇಡ. ಯಂತ್ರ ಕೊಂಡರೂ ಹರವಿಯನ್ನು ಮೂಲೆಗೆ ಸರಿಸಬೇಡಿ.

ಯಂತ್ರದ ಮೇಲೆ ‘12 ಕಿಲೋ’ ಎಂದು ಬರೆದಿದ್ದರೆ ಅದು 24 ತಾಸಿನ ಲೆಕ್ಕ. ಅಂದರೆ ತಾಸಿಗೆ ಅರ್ಧ ಕಿಲೋ. ಹತ್ತು ನಿಮಿಷಕ್ಕೆ ಬರುವುದು ಒಂಬತ್ತು-ಹತ್ತು ಸಣ್ಣ ತುಂಡು ಮಾತ್ರ. ಅತಿಥಿಗಳು ಬಂದ ಮೇಲೆ ಗುಂಡಿ ಒತ್ತಿದರೆ ಪಾನಕ ಮುಗಿದ ಮೇಲೆ ಬರ್ಫ ಬಂದೀತು.

ಇನ್ನೊಂದು ಮಾತು. ಇಂಥ ಅನೇಕ ಯಂತ್ರಗಳನ್ನು ಸುಮಾರು 32 ಡಿಗ್ರಿಯವರೆಗಿನ ಕೋಣೆಗೆಂದು ಮಾಡಿರುತ್ತಾರೆ. ನಮ್ಮ ಮೇ ತಿಂಗಳ ಮಧ್ಯಾಹ್ನದ ಅಡಿಗೆಮನೆಯಲ್ಲಿ ಅವು ನಿಧಾನವಾಗುತ್ತವೆ. ಸೂರ್ಯಾಸ್ತದ ಮುಂಚೆ ಊಟ ಮುಗಿಸುವ ನಮ್ಮ ಮನೆಗಳಿಗೆ ಅತಿಥಿಗಳು ಬರುವುದೂ ಬಿಸಿಲಿರುವಾಗಲೇ. ಆದ್ದರಿಂದ ನಸುಕಿನ ತಂಪಿನಲ್ಲಿ ಬರ್ಫ ಮಾಡಿ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಇಟ್ಟುಕೊಳ್ಳಬೇಕು. ಯಂತ್ರದೊಳಗಿನ ಬುಟ್ಟಿ ಬರ್ಫವನ್ನು ಕಾಯುವುದಿಲ್ಲ, ಅಲ್ಲಿ ಬಿಟ್ಟದ್ದು ಕರಗಿ ಮತ್ತೆ ತೊಟ್ಟಿಗೆ ಇಳಿಯುತ್ತದೆ. ಫ್ರಿಜ್ಜಿನಲ್ಲಿ ಜಾಗವಿದ್ದು ವರ್ಷಕ್ಕೆ ಎರಡು-ಮೂರು ಸಲ ಮಾತ್ರ ಜನ ಸೇರುವ ಮನೆಗೆ ನಾಲ್ಕು ಬರ್ಫದ ತಟ್ಟೆಗಳೇ ಸಾಕು. ಯಂತ್ರ ಬೇಕಾಗುವುದು ವಾರ ವಾರವೂ ಹತ್ತಾರು ಜನ ಬಂದು ಹೋಗುವ ಮನೆಗೆ.

ಕೊಳ್ಳುವಾಗ ನೋಡಬೇಕಾದದ್ದು

1. ದಿನದ ಲೆಕ್ಕ ಬೇಡ, ತಾಸಿನ ಲೆಕ್ಕ ಕೇಳಿ. ಎಷ್ಟು ಡಿಗ್ರಿ ಹವೆಯಲ್ಲಿ ಎಂಬುದನ್ನೂ ಕೇಳಿ.

2. ತೊಟ್ಟಿಯ ನೀರು ಪೂರ್ತಿ ಬಸಿಯುವ ಬಿರಡೆ ಇದೆಯೇ, ಒಳಗೆ ಕೈ ಹೋಗಿ ಒರೆಸಲು ಬರುತ್ತದೆಯೇ ನೋಡಿ. ನಿಂತ ನೀರಿನಲ್ಲಿ ಜೀವೋತ್ಪತ್ತಿಯಾಗುತ್ತದೆ. ಸೋಸಿದ ನೀರಿಗೆ ಒಂದು ಮುಹೂರ್ತ, ಅಂದರೆ 48 ನಿಮಿಷ, ಕಾಯಿಸಿದ ನೀರಿಗೆ 24 ತಾಸು ಎಂಬ ನಮ್ಮ ಮರ್ಯಾದೆಯನ್ನು ಇಲ್ಲಿ ಮರೆಯಬಾರದು. ಕಾಯಿಸಿ ಆರಿಸಿದ ನೀರನ್ನೇ ಹಾಕಿ, ಕೆಲಸ ಮುಗಿದೊಡನೆ ಬಸಿದು, ಒರೆಸಿ, ಮುಚ್ಚಳ ತೆರೆದು ಒಣಗಿಸಿ.

3. ಬೋರಿನ ಗಡಸು ನೀರು ಯಂತ್ರದೊಳಗೆ ಬಿಳಿ ಪದರು ಕಟ್ಟುತ್ತದೆ. ಕಾಯಿಸಿದಾಗ ಆ ಸುಣ್ಣದ ಒಂದಿಷ್ಟು ಅಂಶ ಪಾತ್ರೆಯ ತಳಕ್ಕೆ ಇಳಿಯುತ್ತದೆ, ಮೇಲಿನ ತಿಳಿ ನೀರನ್ನು ಸೋಸಿಕೊಳ್ಳಿ.

4. ಸೊಲ್ಲಾಪುರದಿಂದ ತರುವಾಗ ಯಂತ್ರವನ್ನು ಮಲಗಿಸಿ ತರಬೇಡಿ. ಮನೆಗೆ ಬಂದ ಮೇಲೆ ಅದರ ಪುಸ್ತಕ ಹೇಳಿದಷ್ಟು ಹೊತ್ತು ನೆಟ್ಟಗೆ ನಿಲ್ಲಿಸಿಯೇ ಚಾಲೂ ಮಾಡಿ. ಸುತ್ತ ಒಂದು ಗೇಣು ಜಾಗ ಬಿಡಿ, ಒಲೆಯ ಪಕ್ಕ ಇಡಬೇಡಿ.

5. ಸಣ್ಣ ಯಂತ್ರ ಸುಮಾರು 120 ವ್ಯಾಟಿನದು, ಮೂರು ತಾಸಿಗೆ ಅರ್ಧ ಯೂನಿಟ್ಟೂ ಆಗದು. ವಿದ್ಯುತ್ತಿನ ಖರ್ಚಿಗಿಂತ ದುರಸ್ತಿಯ ಚಿಂತೆ ದೊಡ್ಡದು. ಸೊಲ್ಲಾಪುರದಲ್ಲಿ ದುರಸ್ತಿ ಮಾಡುವವರು ಇದ್ದಾರೆಯೇ ಎಂದು ಕೇಳಿ, ಪಾವತಿಯ ಮೇಲೆ ಗ್ಯಾರಂಟಿ ಬರೆಯಿಸಿಕೊಳ್ಳಿ.

ಬಡಿಸುವ ರೀತಿ

ಬರ್ಫ ಲೋಟಕ್ಕೆ, ಹಂಡೆಗೆ ಅಲ್ಲ. ಕಬ್ಬಿನ ಹಾಲಾಗಲಿ, ಮಾವಿನಕಾಯಿ ಪಾನಕವಾಗಲಿ, ಮಜ್ಜಿಗೆಯಾಗಲಿ, ಇಡೀ ಪಾತ್ರೆಗೆ ಬರ್ಫ ಸುರಿದರೆ ಬಿಟ್ಟವರಿಗೆ ಕುಡಿಯಲು ಏನೂ ಉಳಿಯುವುದಿಲ್ಲ. ಅವರು ಸಂಕೋಚದಿಂದ ‘ಬಾಯಾರಿಕೆ ಇಲ್ಲ’ ಎಂದು ಸುಮ್ಮನೆ ಕುಳಿತಿರುತ್ತಾರೆ. ಉಪಚಾರದಲ್ಲಿ ಇದಕ್ಕಿಂತ ದೊಡ್ಡ ಕೊರತೆ ಇಲ್ಲ. ಪಾನಕವನ್ನು ಬರ್ಫವಿಲ್ಲದೆ ಮಾಡಿ, ಬರ್ಫವನ್ನು ಬೇರೆ ಬಟ್ಟಲಲ್ಲಿ, ಬೇರೆ ಚಿಮಟದೊಡನೆ ಇಡಿ, ಬೇಕಾದವರು ಹಾಕಿಕೊಳ್ಳಲಿ. ಹೀಗೆ ಮಾಡಿದರೆ ಬರ್ಫವೂ ಕಡಿಮೆ ಸಾಕು. ವ್ರತಿಕರಿಗೆ ಮರ್ಯಾದೆಯೊಳಗಿನ ಕಾಯಿಸಿದ ನೀರನ್ನು ಅವರು ಕೇಳುವ ಮುಂಚೆಯೇ ಬೇರೆ ತಂಬಿಗೆಯಲ್ಲಿ ತಂದಿಡಿ.