ಸಂಘದ ಹಳೆ ವ್ಯಾನ್ ಮತ್ತು ಒಂದು ರಬ್ಬರ್ ಬೆಲ್ಟ್
ಊರಿಗೆ ಹೊರಡುವ ಮುನ್ನ ಅರ್ಧ ಗಂಟೆ ಕೊಟ್ಟರೆ ಘಾಟಿಯಲ್ಲಿ ಇಡೀ ರಾತ್ರಿ ಉಳಿಯುತ್ತದೆ

ಮುಂಬಯಿ: ಮಹಾನಗರ ಹಾಗೂ ಉಪನಗರಗಳ ತುಳು-ಕನ್ನಡಿಗರ ಬದುಕಿನಲ್ಲಿ ಹಳೆ ವ್ಯಾನಿಗೆ ತನ್ನದೇ ಆದ ಸ್ಥಾನವಿದೆ. ಬೆಳಗ್ಗೆ ಹೊಟೇಲಿಗೆ ತರಕಾರಿ, ಮಧ್ಯಾಹ್ನ ಕ್ಯಾಟರಿಂಗ್‌ನ ಪಾತ್ರೆ, ಸಂಜೆ ಭಜನಾ ಮಂಡಳಿಯ ಹಾರ್ಮೋನಿಯಂ-ತಬಲಾ, ರಾತ್ರಿ ಯಕ್ಷಗಾನದ ವೇಷಭೂಷಣದ ಪೆಟ್ಟಿಗೆ, ಹೀಗೆ ಎಲ್ಲವನ್ನೂ ಹೊತ್ತು ಸಾಗುವುದು ಇದೇ ವಾಹನ. ಮೇ ತಿಂಗಳ ರಜೆ ಬಂತೆಂದರೆ ಅದೇ ವ್ಯಾನ್ ಮಕ್ಕಳು-ಮರಿಗಳ ಸಹಿತ ಕುಟುಂಬವನ್ನು ಊರಿಗೂ ಕರೆದೊಯ್ಯುತ್ತದೆ.

ಇವುಗಳಲ್ಲಿ ಹೆಚ್ಚು ಪರಿಚಿತವಾದುದು ಮಾರುತಿ ಓಮ್ನಿ. 1984ರಲ್ಲಿ ‘ಮಾರುತಿ ವ್ಯಾನ್’ ಹೆಸರಿನಲ್ಲಿ ರಸ್ತೆಗಿಳಿದ ಈ ವಾಹನದ ತಯಾರಿಕೆ 2019ರಲ್ಲಿ ನಿಂತಿತು. ಹೊಸತು ಬರುವುದಿಲ್ಲವಾದ್ದರಿಂದ ಇದ್ದುದನ್ನೇ ಜೋಪಾನವಾಗಿ ಉಳಿಸಿಕೊಳ್ಳಬೇಕಾಗಿದೆ. ಎಣ್ಣೆ ಬದಲಿಸುವುದು, ಟಯರಿಗೆ ಗಾಳಿ ಹಾಕಿಸುವುದು ಎಲ್ಲರಿಗೂ ನೆನಪಿರುತ್ತದೆ. ಆದರೆ ಇಂಜಿನಿನ ಮುಂಭಾಗದಲ್ಲಿ ಸದ್ದಿಲ್ಲದೆ ತಿರುಗುವ ರಬ್ಬರ್ ಬೆಲ್ಟನ್ನು ನೆನೆಯುವುದು ಅದು ತುಂಡಾದ ಮೇಲೆಯೇ!

ಫ್ಯಾನ್ ತಿರುಗುತ್ತಿದ್ದರೂ ಅಪಾಯ

ಗಾರೇಜಿನಲ್ಲಿ ಇದನ್ನು ‘ಫ್ಯಾನ್ ಬೆಲ್ಟ್’ ಎಂದೇ ಕರೆಯುವುದು ರೂಢಿ. ಹಳೆ ಕಾಲದ ಇಂಜಿನುಗಳಲ್ಲಿ ರೇಡಿಯೇಟರ್ ಫ್ಯಾನನ್ನು ಬೆಲ್ಟೇ ತಿರುಗಿಸುತ್ತಿದ್ದುದರಿಂದ ಬಂದ ಹೆಸರಿದು. ಓಮ್ನಿಯ 796 ಸಿಸಿ, ಮೂರು ಸಿಲಿಂಡರಿನ ಇಂಜಿನಿನಲ್ಲಿ ಫ್ಯಾನ್ ವಿದ್ಯುತ್ತಿನಿಂದ ತಿರುಗುತ್ತದೆ. ಬೆಲ್ಟ್ ತಿರುಗಿಸುವುದು ವಾಟರ್ ಪಂಪ್ ಮತ್ತು ಆಲ್ಟರ್ನೇಟರನ್ನು. ಮೊದಲನೆಯದು ಇಂಜಿನಿನೊಳಗೆ ನೀರನ್ನು ಓಡಾಡಿಸಿ ತಂಪಾಗಿಡುತ್ತದೆ. ಎರಡನೆಯದು ಬ್ಯಾಟರಿಯನ್ನು ಚಾರ್ಜ್ ಮಾಡುತ್ತದೆ.

ಇಲ್ಲಿಯೇ ಅನೇಕರು ಮೋಸ ಹೋಗುವುದು. ಬೆಲ್ಟ್ ತುಂಡಾದರೂ ಫ್ಯಾನ್ ತಿರುಗುವ ಸದ್ದು ಕೇಳಬಹುದು, ಇಂಜಿನ್ ಓಡುತ್ತಲೇ ಇರುತ್ತದೆ. ಒಳಗಿನ ನೀರು ಮಾತ್ರ ನಿಂತಲ್ಲೇ ಕುದಿಯತೊಡಗುತ್ತದೆ. ಮೊದಲ ಎಚ್ಚರಿಕೆ ನೀಡುವುದು ಡ್ಯಾಶ್‌ಬೋರ್ಡಿನಲ್ಲಿ ಹೊತ್ತಿಕೊಳ್ಳುವ ಬ್ಯಾಟರಿಯ ಕೆಂಪು ದೀಪ. ‘ಬ್ಯಾಟರಿ ತಾನೇ, ಮನೆಗೆ ಹೋಗಿ ನೋಡಿದರಾಯಿತು’ ಎಂದುಕೊಂಡು ಮುಂದುವರಿದರೆ ಹೆಡ್ ಗ್ಯಾಸ್ಕೆಟ್ ಸುಡುತ್ತದೆ, ಸಿಲಿಂಡರ್ ಹೆಡ್ ಬಾಗುತ್ತದೆ. ಕೆಲವು ನೂರು ರೂಪಾಯಿಯಲ್ಲಿ ಮುಗಿಯಬೇಕಿದ್ದ ಕೆಲಸ ಇಂಜಿನ್ ಬಿಚ್ಚುವಲ್ಲಿಗೆ ಮುಟ್ಟುತ್ತದೆ.

ಹಣದ ನಷ್ಟ ಹೇಗೋ ತುಂಬಬಹುದು. ಆದರೆ ಮುಂಬಯಿ-ಗೋವಾ ಹೆದ್ದಾರಿಯ ಪರಶುರಾಮ ಘಾಟಿಯಲ್ಲೋ, ಪುಣೆ ದಾಟಿ ಸಾತಾರಾ ದಾರಿಯ ಖಂಬಾಟ್ಕಿ ಘಾಟಿಯಲ್ಲೋ ಮಧ್ಯರಾತ್ರಿ ವ್ಯಾನ್ ನಿಂತು, ಒಳಗೆ ವೃದ್ಧರೂ ಮಕ್ಕಳೂ ಕುಳಿತಿದ್ದು, ಹಿಂದಿನಿಂದ ಲಾರಿಗಳು ಬರುತ್ತಿದ್ದರೆ ಆಗುವ ಆತಂಕಕ್ಕೆ ಬೆಲೆ ಕಟ್ಟಲಾದೀತೇ?

ಬೆಲ್ಟ್ ಮೊದಲೇ ಹೇಳುತ್ತದೆ

ಹೆಚ್ಚಿನ ಬೆಲ್ಟುಗಳು ಏಕಾಏಕಿ ತುಂಡಾಗುವುದಿಲ್ಲ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ, ಅದರಲ್ಲೂ ಮಳೆಗಾಲದಲ್ಲಿ, ‘ಕೀಂಯ್’ ಎಂಬ ಸದ್ದು ಬಂದರೆ ಬೆಲ್ಟ್ ಸಡಿಲಗೊಂಡಿದೆ ಅಥವಾ ಸವೆದಿದೆ ಎಂದು ಅರ್ಥ. ಒಳಬದಿಯಲ್ಲಿ ಅಡ್ಡ ಬಿರುಕು, ಅಂಚಿನಲ್ಲಿ ನೂಲು ಎದ್ದಿರುವುದು, ಪಕ್ಕಗಳು ಗಾಜಿನಂತೆ ಹೊಳೆಯುವುದು, ಎಣ್ಣೆ ತಾಗಿ ರಬ್ಬರ್ ಮೆತ್ತಗಾಗಿರುವುದು, ಇವುಗಳಲ್ಲಿ ಒಂದು ಕಂಡರೂ ಬದಲಿಸಲು ತಡ ಮಾಡಬಾರದು. ಸದ್ದು ಅಡಗಿಸಲು ಸಾಬೂನು ಅಥವಾ ಪೌಡರ್ ಹಚ್ಚುವುದರಿಂದ ಸದ್ದು ಹೋಗಬಹುದು, ದೋಷ ಹೋಗದು.

ಬಳಕೆ ಕಡಿಮೆ ಇರುವ ವ್ಯಾನಿಗೂ ಇದು ಅನ್ವಯಿಸುತ್ತದೆ. ಕಿಲೋಮೀಟರ್ ಓಡದಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ. ಓಮ್ನಿಯಲ್ಲಿ ಇಂಜಿನ್ ಮುಂದಿನ ಆಸನಗಳ ಕೆಳಗೆ ಇಕ್ಕಟ್ಟಿನಲ್ಲಿರುವುದರಿಂದ ಶಾಖವೂ ಅಧಿಕ, ಬೆಲ್ಟ್ ಕಣ್ಣಿಗೆ ಬೀಳುವುದೂ ಅಪರೂಪ.

ಬದಲಿಸುವ ಕ್ರಮ

ಇಂಜಿನ್ ಪೂರ್ತಿ ತಣ್ಣಗಾಗಿರಬೇಕು. ಕೀಲಿಯನ್ನು ತೆಗೆದು ಕಿಸೆಯಲ್ಲಿಟ್ಟುಕೊಂಡು, ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಬೇಕು. ಆಲ್ಟರ್ನೇಟರನ್ನು ಹಿಡಿದಿರುವ ಬೋಲ್ಟ್ ಹಾಗೂ ಉದ್ದ ತೂತಿನ ಪಟ್ಟಿಯಲ್ಲಿರುವ ಅಡ್ಜಸ್ಟ್ ಬೋಲ್ಟನ್ನು ಸಡಿಲಿಸಿ, ಆಲ್ಟರ್ನೇಟರನ್ನು ಇಂಜಿನಿನ ಕಡೆಗೆ ದೂಡಿದರೆ ಹಳೆ ಬೆಲ್ಟ್ ತಾನಾಗಿ ಹೊರಬರುತ್ತದೆ. ಎಸಿ ಅಳವಡಿಸಿದ ವ್ಯಾನಿನಲ್ಲಿ ಕಂಪ್ರೆಸರಿನ ಬೆಲ್ಟ್ ಅಡ್ಡ ಬಂದರೆ ಅದನ್ನು ಮೊದಲು ತೆಗೆಯಬೇಕು.

ಬೆಲ್ಟ್ ಹೊರಬಂದ ಈ ಹೊತ್ತು ಪರೀಕ್ಷೆಗೆ ಸಕಾಲ. ವಾಟರ್ ಪಂಪ್ ಮತ್ತು ಆಲ್ಟರ್ನೇಟರಿನ ಪುಲ್ಲಿಗಳನ್ನು ಕೈಯಿಂದ ತಿರುಗಿಸಿ ನೋಡಬೇಕು. ಗರಗರ ಸದ್ದು, ಅಲುಗಾಟ ಅಥವಾ ಪಂಪಿನ ಬಳಿ ನೀರು ಜಿನುಗಿದ ಗುರುತು ಇದ್ದರೆ ಹೊಸ ಬೆಲ್ಟ್ ಮಾತ್ರ ಹಾಕಿ ಪ್ರಯೋಜನವಿಲ್ಲ. ಪುಲ್ಲಿಯ ಕೊರಕಲಿನಲ್ಲಿರುವ ಎಣ್ಣೆ, ಧೂಳನ್ನು ಒರೆಸಬೇಕು.

ಹೊಸ ಬೆಲ್ಟ್ ಕೊಳ್ಳುವಾಗ ‘ಓಮ್ನಿಯದ್ದು ಕೊಡಿ’ ಎಂದರೆ ಸಾಲದು. ಹಳೆಯದರ ಮೇಲಿನ ನಂಬರ್ ಸರಿಹೊಂದಬೇಕು. ‘ವಿ’ ಆಕಾರದ ಬೆಲ್ಟ್ ಹಿಡಿತ ಪಡೆಯುವುದು ತನ್ನ ಎರಡು ಪಕ್ಕಗಳಿಂದ; ಅದು ಕೊರಕಲಿನ ತಳ ಮುಟ್ಟಿದರೆ ಜಾರುವುದು ನಿಶ್ಚಿತ. ಸ್ಕ್ರೂಡ್ರೈವರಿನಿಂದ ಮೀಟಿ ಬಲವಂತವಾಗಿ ಕೂರಿಸಿದರೆ ಒಳಗಿನ ನೂಲು ಹರಿದು ಬೇಗ ಕೆಡುತ್ತದೆ.

ಬಳಿಕ ಆಲ್ಟರ್ನೇಟರನ್ನು ಹೊರಕ್ಕೆ ಎಳೆದು ಬೋಲ್ಟ್ ಬಿಗಿಯಬೇಕು. ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿನಿಂದ ಜೋರಾಗಿ ಒತ್ತಿದಾಗ ಬೆಲ್ಟ್ ಸ್ವಲ್ಪವೇ ಬಗ್ಗಬೇಕು. ಇಂತಹ ಚಿಕ್ಕ ಇಂಜಿನುಗಳಲ್ಲಿ ಇದು ಸಾಮಾನ್ಯವಾಗಿ ಒಂದು ಸೆಂಟಿಮೀಟರಿಗಿಂತ ಕಡಿಮೆ. ಖಚಿತ ಅಳತೆ ವಾಹನದ ಕೈಪಿಡಿಯಲ್ಲಿರುತ್ತದೆ. ಸಡಿಲವಾದರೆ ಜಾರುತ್ತದೆ, ಅತಿಯಾಗಿ ಬಿಗಿದರೆ ಪಂಪಿನ ಬೇರಿಂಗ್ ಹಾಳಾಗುತ್ತದೆ. ಬ್ಯಾಟರಿ ತಂತಿ ಜೋಡಿಸಿ, ಹತ್ತು ನಿಮಿಷ ಇಂಜಿನ್ ಓಡಿಸಿ, ನಿಲ್ಲಿಸಿದ ಮೇಲೆ ಮತ್ತೊಮ್ಮೆ ಬಿಗಿತ ನೋಡಬೇಕು. ಹೊಸ ಬೆಲ್ಟ್ ಆರಂಭದಲ್ಲಿ ಕೊಂಚ ಹಿಗ್ಗುವುದರಿಂದ ಕೆಲವು ನೂರು ಕಿಲೋಮೀಟರ್ ಓಡಿದ ಬಳಿಕ ಇನ್ನೊಮ್ಮೆ ಪರೀಕ್ಷಿಸುವುದು ಒಳಿತು. ಇಂಜಿನ್ ಓಡುತ್ತಿರುವಾಗ ಪಂಚೆ, ಶಾಲು, ಕೊರಳ ಸರ ಅದರ ಹತ್ತಿರ ಸುಳಿಯಬಾರದು.

ಓಮ್ನಿಯಲ್ಲಿ ಟೈಮಿಂಗ್ ಬೆಲ್ಟ್ ಎಂಬ ಇನ್ನೊಂದು ಬೆಲ್ಟ್ ಕವರಿನ ಒಳಗಿರುತ್ತದೆ. ಅದು ಹಲ್ಲುಗಳಿರುವ ಬೆಲ್ಟ್; ಅದರ ಗುರುತು ತಪ್ಪಿದರೆ ಇಂಜಿನ್ ಓಡದು. ಆ ಕೆಲಸವನ್ನು ಕೈಪಿಡಿ ಹೇಳುವ ಅವಧಿಗೆ ಅನುಭವಿ ಮೆಕ್ಯಾನಿಕ್ ಕೈಯಲ್ಲಿಯೇ ಮಾಡಿಸತಕ್ಕದ್ದು.

ದಾರಿಯಲ್ಲಿ ತುಂಡಾದರೆ

ಕೆಂಪು ದೀಪ ಹೊತ್ತಿದ ಕೂಡಲೇ ವ್ಯಾನನ್ನು ಎಡಬದಿಗೆ ನಿಲ್ಲಿಸಿ ಇಂಜಿನ್ ಬಂದ್ ಮಾಡಬೇಕು. ಪ್ರಯಾಣಿಕರನ್ನು ರಸ್ತೆಯಿಂದ ದೂರ ಇಳಿಸಿ, ಹಿಂದೆ ಎಚ್ಚರಿಕೆಯ ತ್ರಿಕೋನ ಇಡಬೇಕು. ಬಿಸಿ ಇರುವಾಗ ರೇಡಿಯೇಟರಿನ ಮುಚ್ಚಳ ತೆರೆದರೆ ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಕಾದ ಇಂಜಿನಿಗೆ ತಣ್ಣೀರು ಸುರಿದರೆ ಲೋಹ ಬಿರುಕು ಬಿಡಬಹುದು. ಹಗ್ಗ, ಬಟ್ಟೆ ಕಟ್ಟಿ ಘಾಟಿ ಹತ್ತಿಸುವ ಸಾಹಸ ಬೇಡ. ಸರಿಯಾದ ನಂಬರಿನ ಬೆಲ್ಟೊಂದು ಮತ್ತು ಬೇಕಾದ ಎರಡು ಸ್ಪ್ಯಾನರ್ ವ್ಯಾನಿನಲ್ಲೇ ಇದ್ದರೆ ದಾರಿಯಲ್ಲಿ ಸಿಗುವ ಯಾವ ಮೆಕ್ಯಾನಿಕ್ ಆದರೂ ಹಾಕಿಕೊಡಬಲ್ಲ.

ಎಲ್ಲರ ವ್ಯಾನ್, ಯಾರ ಹೊಣೆ?

ಸ್ವಂತ ವ್ಯಾನಿನ ಸದ್ದು ಮಾಲಕನ ಕಿವಿಗೆ ಬೇಗ ಬೀಳುತ್ತದೆ. ಸಂಘದ ವ್ಯಾನಿನ ಕತೆ ಹಾಗಲ್ಲ. ಇಂದು ಯುವ ವಿಭಾಗದವರು, ನಾಳೆ ಮಹಿಳಾ ವಿಭಾಗದವರು, ಭಾನುವಾರ ಇನ್ನೊಬ್ಬ ಚಾಲಕ. ಸದ್ದನ್ನು ಎಲ್ಲರೂ ಕೇಳಿರುತ್ತಾರೆ, ಬೇರೆ ಯಾರೋ ಹೇಳಿರಬಹುದೆಂದು ಎಲ್ಲರೂ ಸುಮ್ಮನಿರುತ್ತಾರೆ.

ಸಂಘಗಳಲ್ಲಿ ಸಭೆಯ ನಡಾವಳಿಗೆ ಪುಸ್ತಕವಿದೆ, ದೇಣಿಗೆಗೆ ರಶೀದಿಯಿದೆ. ವ್ಯಾನಿಗೂ ಒಂದು ಇನ್ನೂರು ಪುಟದ ವಹಿ ಇರಲಿ. ಬೆಲ್ಟ್ ಹಾಕಿದ ದಿನಾಂಕ, ಅಂದಿನ ಕಿಲೋಮೀಟರ್, ಬೆಲ್ಟಿನ ನಂಬರ್, ಚಾಲಕ ಕೇಳಿದ ಸದ್ದು ಅದರಲ್ಲಿ ದಾಖಲಾಗಲಿ. ವರ್ಷಕ್ಕೆರಡು ಬಾರಿ, ಮಳೆಗಾಲಕ್ಕೆ ಮುನ್ನ ಮತ್ತು ದೂರದ ಪ್ರಯಾಣಕ್ಕೆ ಮುನ್ನ, ಪರೀಕ್ಷಿಸುವ ಹೊಣೆಯನ್ನು ಒಬ್ಬ ಸದಸ್ಯರಿಗೆ ಹೆಸರು ಹೇಳಿ ವಹಿಸಲಿ. ಕೋಶಾಧಿಕಾರಿಗಳು ಆ ಸಣ್ಣ ಖರ್ಚಿಗೆ ಮುಂದಿನ ಸಭೆಯ ತನಕ ಕಾಯಿಸದಿರಲಿ.

ವಾರ್ಷಿಕೋತ್ಸವ ಮುಗಿಸಿ ತಡರಾತ್ರಿ ಡೊಂಬಿವಲಿಗೋ ಮೀರಾರೋಡಿಗೋ ಮರಳುವ ಹಿರಿಯರು, ಮಕ್ಕಳು ನಂಬಿ ಹತ್ತುವುದು ಸಂಘದ ಹೆಸರು ಬರೆದ ವ್ಯಾನನ್ನು. ಆ ನಂಬಿಕೆ ಉಳಿಯಬೇಕಾದರೆ ಈ ಭಾನುವಾರವೇ ಯಾರಾದರೂ ಒಬ್ಬರು ಆಸನವನ್ನು ಎತ್ತಿ, ಟಾರ್ಚ್ ಹಿಡಿದು, ಆ ಬೆಲ್ಟನ್ನೊಮ್ಮೆ ನೋಡಬೇಕು.