ಜಾಲಿಯ ಸೀಮೆಯಲ್ಲಿ ರನ್‌ಫ್ಲ್ಯಾಟ್ ಟೈರು

ಮಲಪ್ರಭೆಯ ಎರೆಹೊಲಗಳ ನಡುವೆ ಹಾದುಹೋಗುವ ಬಾದಾಮಿ, ಪಟ್ಟದಕಲ್ಲು, ಐಹೊಳೆಗಳ ಮಾರ್ಗದಲ್ಲಿ ಗಾಲಿಗೆ ಮುಳ್ಳು ನೆಡುವುದು ಇಂದಿನ ಸಂಗತಿಯಲ್ಲ. ಬದುವಿನ ಜಾಲಿಯನ್ನು ಕಡಿದು ಬೇಲಿಗೆಂದು ಚಕ್ಕಡಿಯಲ್ಲಿ ಹೇರಿಕೊಂಡು ಹೋಗುವಾಗ ಉದುರಿದ ಮುಳ್ಳು, ಎತ್ತಿನ ಗೊರಸಿನಿಂದ ಕಳಚಿಬಿದ್ದ ಲಾಳದ ಮೊಳೆ, ಇಳಕಲ್ಲಿನ ಕೆಂಪು ಗ್ರಾನೈಟ್ ಹೊತ್ತ ಲಾರಿಗಳಿಂದ ಸಿಡಿದ ಕಲ್ಲಚೂರು, ಇವು ಆ ಸೀಮೆಯ ವಾಹನಗಳನ್ನು ಬಹುಕಾಲದಿಂದ ಪರೀಕ್ಷಿಸುತ್ತಲೇ ಬಂದಿವೆ. ಆದರೆ ಗುಹಾದೇವಾಲಯಗಳನ್ನು ನೋಡಲೆಂದು ದೂರದ ನಗರಗಳಿಂದ ಈಗ ಬರುತ್ತಿರುವ ಬೆಲೆಬಾಳುವ ಕಾರುಗಳಲ್ಲಿ ಕೆಲವು ಸ್ಟೆಪ್ನಿಯನ್ನೇ ಹೊತ್ತು ತರುವುದಿಲ್ಲ. ಪಂಕ್ಚರ್ ಆದರೂ ಓಡುವ ರನ್‌ಫ್ಲ್ಯಾಟ್ ಟೈರಿನ ಭರವಸೆಯೊಂದನ್ನೇ ನೆಚ್ಚಿ ಅವುಗಳ ಒಡೆಯರು ಹೊರಟುಬಂದಿರುತ್ತಾರೆ. ಆ ಭರವಸೆ ಎಷ್ಟರಮಟ್ಟಿನದೆಂಬುದನ್ನು ದಾರಿಗಿಳಿಯುವ ಮೊದಲೇ ತಿಳಿದಿರುವುದು ಒಳ್ಳೆಯದು.

1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಗಾಳಿತುಂಬಿದ ಟೈರಿಗೆ ಪೇಟೆಂಟು ಪಡೆದಂದಿನಿಂದ ಇಂದಿನವರೆಗೂ ವಾಹನದ ಭಾರವನ್ನು ಮುಖ್ಯವಾಗಿ ಹೊರುತ್ತಿರುವುದು ರಬ್ಬರಿನೊಳಗೆ ಒತ್ತಿ ಸೆರೆಯಿಟ್ಟ ವಾಯುವೇ; ಅದು ತೊಲಗಿದೊಡನೆ ಸಾಮಾನ್ಯ ಟೈರಿನ ಪಕ್ಕದ ಗೋಡೆ ಮಡಿಚಿಕೊಂಡು ಡಿಸ್ಕಿನ ಅಂಚಿಗೆ ಸಿಕ್ಕಿ ಹರಿದುಹೋಗುತ್ತದೆ. ರನ್‌ಫ್ಲ್ಯಾಟಿನಲ್ಲಿ ಈ ಪಾರ್ಶ್ವಭಿತ್ತಿಯ ಒಳಗೆ ಉಷ್ಣವನ್ನು ತಾಳಬಲ್ಲ ಗಟ್ಟಿ ರಬ್ಬರಿನ ದಪ್ಪ ಪದರವೊಂದನ್ನು ಕೂರಿಸಿರುತ್ತಾರಾದುದರಿಂದ ಗಾಳಿ ಪೂರ್ತಿ ಉಡುಗಿದ ಮೇಲೂ ಗೋಡೆಯೇ ಕಾರನ್ನು ಹೊತ್ತು ನಿಲ್ಲುತ್ತದೆ. 1997ರಲ್ಲಿ ಅಮೆರಿಕದ ಷೆವ್ರೊಲೆ ಕಾರ್ವೆಟ್ ಇಂತಹ ಟೈರುಗಳನ್ನು ತೊಟ್ಟು ಸ್ಟೆಪ್ನಿಯಿಲ್ಲದೆ ಮಾರುಕಟ್ಟೆಗೆ ಬಂದಿತು. ಮುಂದಿನ ದಶಕದಲ್ಲಿ ಬಿಎಂಡಬ್ಲ್ಯು ತನ್ನ ಅನೇಕ ಮಾದರಿಗಳಿಗೆ ಇದನ್ನು ಅಳವಡಿಸಿತು. ತಯಾರಕರು ಸಾಮಾನ್ಯವಾಗಿ ಕೊಡುವ ಮಾತು ಇಷ್ಟು: ಗಂಟೆಗೆ 80 ಕಿಲೋಮೀಟರಿಗೆ ಮೀರದ ವೇಗದಲ್ಲಿ 80 ಕಿಲೋಮೀಟರು ದೂರ.

ಗಾಳಿಯಿಲ್ಲದೆ ಉರುಳುವ ಗೋಡೆ ಪ್ರತಿಯೊಂದು ಸುತ್ತಿನಲ್ಲಿಯೂ ಬಾಗಿ ನಿಮಿರುತ್ತ ಒಳಗಿನಿಂದಲೇ ಕಾಯತೊಡಗುತ್ತದೆ, ಆ ಕಾವಿನಿಂದ ರಬ್ಬರು ಸಡಿಲಗೊಳ್ಳುತ್ತ ಬರುತ್ತದೆ. ವೈಶಾಖದ ಮಧ್ಯಾಹ್ನ 40 ಡಿಗ್ರಿಯನ್ನು ದಾಟುವ ಬಾಗಲಕೋಟೆಯ ಬಿಸಿಲಿನಲ್ಲಿ, ಐದು ಜನರೂ ಅವರ ಪೆಟ್ಟಿಗೆಗಳೂ ತುಂಬಿದ ಕಾರಿನಲ್ಲಿ, ಕಾದ ಡಾಂಬರಿನ ಮೇಲೆ ಆ 80 ಕಿಲೋಮೀಟರನ್ನು ಪೂರ್ತಿಯಾಗಿ ನಂಬುವುದು ಸರಿಯಲ್ಲ. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಹೀಗೆ ಓಡಿದ ದೂರಕ್ಕೆ ಬೆಲೆ ತೆರುವುದು ಆ ಟೈರೇ. ಗಾಳಿ ಉಳಿದಿರುವಾಗಲೇ ನಿಲ್ಲಿಸಿದ ಟೈರನ್ನು ಬಹುಮಟ್ಟಿಗೆ ಉಳಿಸಿಕೊಳ್ಳಬಹುದು. ಬರಿದಾದ ಮೇಲೆ ಮೈಲಿಗಟ್ಟಲೆ ಓಡಿಸಿದ್ದನ್ನು ಸಾಮಾನ್ಯವಾಗಿ ಎಸೆಯಬೇಕಾಗುತ್ತದೆ.

ಇಲ್ಲಿ ಕಣ್ಣು ಮೋಸಹೋಗುತ್ತದೆ. ಗೋಡೆ ಸೆಟೆದು ನಿಂತಿರುವುದರಿಂದ ಬರಿದಾದ ಚಕ್ರವೂ ನೋಡುವವರಿಗೆ ತುಂಬಿದ ಚಕ್ರದಂತೆಯೇ ಕಾಣುತ್ತದೆ, ಸ್ಟಿಯರಿಂಗೂ ಹೆಚ್ಚಾಗಿ ದೂರು ಹೇಳುವುದಿಲ್ಲ. ಆದುದರಿಂದಲೇ ಒತ್ತಡ ಕುಸಿದುದನ್ನು ತಿಳಿಸುವ ಹಳದಿ ದೀಪವಿಲ್ಲದೆ ಈ ಟೈರನ್ನು ಬಳಸಕೂಡದು. ದೀಪ ಹತ್ತಿದರೆ ಅದನ್ನು ಯಂತ್ರದ ಚಪಲವೆಂದು ಕಡೆಗಣಿಸದೆ, ನೆರಳಿರಲಿ ಇಲ್ಲದಿರಲಿ, ಕಾರನ್ನು ಬದಿಗೆ ನಿಲ್ಲಿಸಿ ನಾಲ್ಕು ಚಕ್ರಗಳ ಒತ್ತಡವನ್ನೂ ಅಳೆಯಬೇಕು. ಜಾಲಿಮುಳ್ಳಾಗಲಿ ಲಾಳದ ಮೊಳೆಯಾಗಲಿ ತಾನು ಕೊರೆದ ರಂಧ್ರವನ್ನು ಅನೇಕ ವೇಳೆ ತಾನೇ ಮುಚ್ಚಿಕೊಂಡು ಕುಳಿತಿರುತ್ತದೆ, ಗಾಳಿ ಮೆಲ್ಲಮೆಲ್ಲನೆ ಸೋರುತ್ತದೆ. ಅಂತಹ ಮುಳ್ಳನ್ನು ರೋಷದಿಂದ ಕಿತ್ತೆಸೆಯಬಾರದು. ಕಾರಿನ ವಿದ್ಯುತ್ತಿನಿಂದಲೇ ನಡೆಯುವ ಪುಟ್ಟ ಪಂಪಿನಿಂದ, ಚಾಲಕನ ಬಾಗಿಲ ಕಂಬದ ಮೇಲೆ ಮುದ್ರಿಸಿದ ಅಂಕಿಯವರೆಗೆ ಗಾಳಿ ತುಂಬಿಸಿ, ಹತ್ತು ಹದಿನೈದು ಕಿಲೋಮೀಟರಿಗೊಮ್ಮೆ ನಿಂತು ಅಳೆಯುತ್ತ ಹೋದರೆ, ಆ ಗಾಳಿಯ ಮೇಲೆಯೇ ಊರು ಸೇರಬಹುದು. ಈ ಸೀಮೆಗೆ ಬರುವ ಕಾರಿನಲ್ಲಿ ಆ ಪಂಪಿಗಿಂತ ಉಪಕಾರಿಯಾದ ವಸ್ತು ಇನ್ನೊಂದಿಲ್ಲವೆಂದು ನನ್ನ ದೃಢವಾದ ಅಭಿಪ್ರಾಯ.

ಊರು ಸೇರಿದ ಮೇಲಿನ ಕೆಲಸವೂ ಸೂಕ್ಷ್ಮವಾದುದು. ಹುನಗುಂದ, ಅಮೀನಗಡಗಳ ಹೆದ್ದಾರಿಯ ಪಂಕ್ಚರ್ ಅಂಗಡಿಯವರು ಟ್ರ್ಯಾಕ್ಟರು, ಲಾರಿಗಳ ಟೈರುಗಳೊಡನೆ ದಿನವೆಲ್ಲ ಸೆಣಸುವ ನುರಿತ ಕೈಗಳು. ಅವರ ಕೌಶಲದಲ್ಲಿ ನನಗೆ ಅಪಾರ ಗೌರವವಿದೆ. ಆದರೆ ಹೊರಗಿನಿಂದಲೇ ಸೂಜಿಯಲ್ಲಿ ರಬ್ಬರಿನ ಅಂಟುದಾರ ತೂರಿಸಿ ಮುಚ್ಚುವ ಕ್ರಮ ಈ ಟೈರಿಗೆ ತಾತ್ಕಾಲಿಕವೆಂದೇ ಭಾವಿಸಬೇಕು. ಟೈರನ್ನು ಡಿಸ್ಕಿನಿಂದ ಬಿಡಿಸಿ ಒಳಮೈಯನ್ನು ನೋಡಲೇಬೇಕು. ಒಳಗೆ ಕೈಯಾಡಿಸಿದಾಗ ಕರಿಯ ರಬ್ಬರಿನ ಪುಡಿ ಬೆರಳಿಗೆ ಹತ್ತಿದರೆ, ಅಥವಾ ಗೋಡೆಯ ಸುತ್ತ ಸುಕ್ಕಿನ ಗೆರೆಯೊಂದು ಬಳೆಯಂತೆ ಎದ್ದಿದ್ದರೆ, ಒಳಗಿನ ಪದರ ಬೆಂದಿದೆ ಎಂದೇ ಅರ್ಥ. ಆಗ ರಂಧ್ರ ಎಷ್ಟೇ ಚಿಕ್ಕದಿರಲಿ, ದುರಸ್ತಿಯ ಮಾತು ಬೇಡ. ಒಳಮೈ ನಿರ್ಮಲವಾಗಿದ್ದು, ತೂತು ನೆಲಕ್ಕೆ ತಾಕುವ ಪಟ್ಟಿಯ ನಡುಭಾಗದಲ್ಲಿದ್ದು, ಅದರ ವ್ಯಾಸ 6 ಮಿಲಿಮೀಟರನ್ನು ಮೀರದಿದ್ದಲ್ಲಿ, ಒಳಗಿನಿಂದ ಅಣಬೆಯಾಕಾರದ ಬೆಣೆಯನ್ನೂ ತೇಪೆಯನ್ನೂ ಒಟ್ಟಿಗೆ ಕೂರಿಸಬಹುದು. ಕೆಲವು ತಯಾರಕರು ಇದನ್ನೂ ಒಪ್ಪುವುದಿಲ್ಲ, ಕೆಲವರು ಒಂದೇ ಸಲಕ್ಕೆ ಒಪ್ಪುತ್ತಾರೆ. ಗೋಡೆಗೆ ಬಿದ್ದ ತೂತಿಗಂತೂ ಔಷಧವಿಲ್ಲ. ಇನ್ನು, ಈ ಬಿರುಸಾದ ಗೋಡೆಯನ್ನು ಬಿಡಿಸಲು ಸಲಾಕೆ ಹಾಕಿ ಮೀಟಿದರೆ ಟೈರಿನ ಅಂಚೂ, ಕೆಲವು ಕಾರುಗಳಲ್ಲಿ ವಾಲ್ವಿನ ಬುಡದಲ್ಲಿರುವ ಒತ್ತಡದ ಸೆನ್ಸರೂ ಮುರಿಯುವ ಭಯವುಂಟು. ಸಹಾಯಕ ತೋಳುಳ್ಳ ಯಂತ್ರವೇ ಬೇಕು.

2020ರ ಜುಲೈಯಲ್ಲಿ ಕೇಂದ್ರ ಸರಕಾರವು ಮೋಟಾರು ವಾಹನ ನಿಯಮಗಳನ್ನು ತಿದ್ದಿ, ಟ್ಯೂಬ್‌ಲೆಸ್ ಟೈರು, ಒತ್ತಡ ಸೂಚಕ ಮತ್ತು ದುರಸ್ತಿಯ ಸಲಕರಣೆಗಳಿರುವ ಕಾರುಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲವೆಂದು ವಿಧಿಸಿತು. ನಗರದೊಳಗೆ ಓಡಾಡುವವರಿಗೆ ಇದರಿಂದ ಅನುಕೂಲವಾಗಿರಬಹುದು. ಆದರೆ ಐಹೊಳೆಯ ಬಳಿ ಟೈರು ಪೂರ್ತಿ ಬರಿದಾಗಿ, ಹುಬ್ಬಳ್ಳಿಗೇ ಹೋಗಿಬಿಡುವೆನೆಂದು ಹೊರಟವನ ಪಾಲಿನ 80 ಕಿಲೋಮೀಟರು ಬಾದಾಮಿಯನ್ನು ದಾಟಿ ನರಗುಂದದ ಆಸುಪಾಸಿನಲ್ಲಿಯೇ ಮುಗಿದುಹೋಗುತ್ತದೆ. ಅಲ್ಲಿಂದ ಮುಂದಿನದು ಡಿಸ್ಕಿಗೂ ಪ್ರಾಣಕ್ಕೂ ಅಪಾಯದ ಹಾದಿ. ಅಂತಹವನು ನಿಧಾನವಾಗಿ ಬಾದಾಮಿಯನ್ನು ಸೇರಿ ಕಾರನ್ನು ಅಲ್ಲಿಯೇ ನಿಲ್ಲಿಸುವುದು ಲೇಸು. ಇಂತಹ ಕಾರುಗಳು ಎಷ್ಟೋ ವೇಳೆ ಜಾಕನ್ನೂ ಹೊತ್ತು ತರುವುದಿಲ್ಲ. ಪಂಕ್ಚರ್ ಅಂಗಡಿಯವರ ಜಾಕನ್ನು ಕೇಳಿ ಪಡೆದು, ಚಕ್ರವೊಂದನ್ನೇ ಕಳಚಿ ಟಂಟಂನಲ್ಲಿ ಹೇರಿ ಯಂತ್ರವಿರುವ ಊರಿಗೆ ಕಳುಹಿಸಬಹುದು. ಅದೇ ಅಳತೆಯ ಹೊಸ ಟೈರು ಸಮೀಪದಲ್ಲಿ ದೊರೆಯದೆ ಮಹಾನಗರದಿಂದ ಬರಬೇಕಾಗಿ, ಒಂದೆರಡು ದಿನ ಅಲ್ಲಿಯೇ ತಂಗಬೇಕಾದೀತೆಂಬುದನ್ನೂ ಮೊದಲೇ ಎಣಿಸಿಕೊಂಡಿರಬೇಕು.