ಕಾಲಿನ ಚಡಪಡಿಕೆ, ಕಾಯಿದೆಯ ಹಿಂಜರಿಕೆ

ಕುಳಿತಲ್ಲಿಯೇ ಕಾಲು ಕುಣಿಸುವ ಮಕ್ಕಳನ್ನು 'ಕಾಲಾಡಿಸಬೇಡ, ಮನೆಗೆ ದರಿದ್ರ' ಎಂದು ಹಿರಿಯರು ಗದರುವುದು ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ಹೊಸದೇನಲ್ಲ. ಅದು ಅಭ್ಯಾಸ, ಗದರಿದರೆ ನಿಲ್ಲುತ್ತದೆ. ಗದರಿದರೂ, ಒತ್ತಿದರೂ, ಎಣ್ಣೆ ಹಚ್ಚಿ ತಿಕ್ಕಿದರೂ ನಿಲ್ಲದ ಇನ್ನೊಂದು ಬಗೆಯ ಚಡಪಡಿಕೆಯಿದೆ. ವೈದ್ಯರು ಅದನ್ನು ರೆಸ್ಟ್‌ಲೆಸ್ ಲೆಗ್ಸ್ ಸಿಂಡ್ರೋಮ್ ಎನ್ನುತ್ತಾರೆ. ಹಗಲೆಲ್ಲ ತೆಪ್ಪಗಿದ್ದ ಕಾಲುಗಳಲ್ಲಿ ಹೊತ್ತು ಮುಳುಗಿದ ಮೇಲೆ, ಅದರಲ್ಲೂ ಮಲಗಿದೊಡನೆ, ಮೀನಖಂಡದೊಳಗೆ ಹುಳು ಹರಿದಂತೆ, ಯಾರೋ ಒಳಗಿನಿಂದ ಎಳೆದಂತೆ ಆಗಿ, ಕಾಲನ್ನು ಅಲುಗಿಸದೆ ಇರಲಾಗದಂತಹ ಒತ್ತಾಯ ಹುಟ್ಟುತ್ತದೆ. ಎದ್ದು ನಡೆದಾಡಿದರೆ ಶಮನ. ಮಲಗಿದರೆ ಮತ್ತೆ ಅದೇ. ಪ್ರಾಣಕ್ಕೆ ನೇರ ಅಪಾಯವಿಲ್ಲದ ಕಾಯಿಲೆ ಇದು. ಆದರೆ ವರ್ಷಗಟ್ಟಲೆ ನಿದ್ರೆ ಕಳೆದುಕೊಂಡ ಮನುಷ್ಯನಿಗೆ ಪ್ರಾಣವಿದ್ದರೂ ಉಳಿದುದು ಹೆಚ್ಚೇನಿರುವುದಿಲ್ಲ.

ಬೆಂಗಳೂರು ನಗರದ ನಿವಾಸಿಗಳನ್ನು ಕುರಿತು 2007ರಲ್ಲಿ ಪ್ರಕಟವಾದ ಅಧ್ಯಯನವೊಂದು ವಯಸ್ಕರಲ್ಲಿ ಶೇಕಡ 2.1ರಷ್ಟು ಮಂದಿಗೆ ಈ ತೊಂದರೆಯಿರುವುದನ್ನು ಗುರುತಿಸಿತು. ಬಹುಪಾಲು ಜನರಲ್ಲಿ ಅದು ಸೌಮ್ಯ ರೂಪದ್ದು. ಔಷಧಿಯಿಲ್ಲದೆ ಬಾಳಲಾಗದ ತೀವ್ರ ರೂಪದವರು ಕೆಲವರೇ. ಈ ಲೇಖನ ಆ ಕೆಲವರನ್ನು ಕುರಿತದ್ದು.

ಅಂಥವರಲ್ಲಿ ಒಬ್ಬರು ನನ್ನ ಅತ್ತಿಗೆ. ಪಾಂಡವಪುರ ತಾಲ್ಲೂಕಿನ ಚಿನಕುರಳಿಯಲ್ಲಿರುತ್ತಾರೆ. (1771ರಲ್ಲಿ ಹೈದರಾಲಿಯು ಮರಾಠರ ಎದುರು ಸೋತುದು ಈ ಊರಿನ ಬಳಿಯೇ; ಪಟಾಕಿಯ ಹೆಸರಿನಿಂದ ಮಾತ್ರ ಅದನ್ನು ಬಲ್ಲವರಿಗಾಗಿ ಹೇಳಿದೆ.) ವಯಸ್ಸು ಎಪ್ಪತ್ತು ದಾಟಿದೆ. ನಾಟಿ, ಕಳೆ, ಕಬ್ಬಿನ ಸೋಗೆ ಎಂದು ಜೀವಮಾನವಿಡೀ ಗದ್ದೆಯಲ್ಲಿ ದುಡಿದ ಜೀವ. ಐದು ಹೆರಿಗೆ. ಮೊದಲ ಬಾರಿಗೆ ಕಾಲಿನ ಎಳೆತ ಕಾಣಿಸಿಕೊಂಡದ್ದು ಮೂರನೆಯ ಬಸಿರಿನಲ್ಲಂತೆ; ಹೆತ್ತ ಮೇಲೆ ಹೋಯಿತು, ನಡುವಯಸ್ಸಿನಲ್ಲಿ ಮರಳಿ ಬಂದು ಉಳಿಯಿತು. ನಡುರಾತ್ರಿ ಜಗುಲಿಯ ಮೇಲೆ ಅತ್ತಿಂದಿತ್ತ ನಡೆಯುವ ಅವರನ್ನು ಕಂಡು ಗಾಳಿ ಸೋಕಿದೆ ಎಂದವರುಂಟು. ಕ್ಯಾಲ್ಸಿಯಂ ಮಾತ್ರೆ, ನೋವಿನ ಮುಲಾಮು, ಶಕ್ತಿಯ ಸೂಜಿ ಎಲ್ಲ ಆದವು. ಮೈಸೂರಿನ ನರರೋಗ ತಜ್ಞರೊಬ್ಬರು ಕಾಯಿಲೆಗೆ ಹೆಸರಿಟ್ಟು, ಪ್ರಾಮಿಪೆಕ್ಸೋಲ್ ಎಂಬ ಮಾತ್ರೆ ಕೊಟ್ಟ ರಾತ್ರಿ ಅವರು ಬೆಳಗಿನವರೆಗೂ ಮಲಗಿದರು.

ಮೂರು ವರ್ಷ ಸುಖ. ಆಮೇಲೆ ರಾತ್ರಿ ಒಂಬತ್ತಕ್ಕೆ ಬರುತ್ತಿದ್ದ ಚಡಪಡಿಕೆ ಸಂಜೆ ಐದಕ್ಕೆ ಬಂತು, ಬಳಿಕ ಮಧ್ಯಾಹ್ನಕ್ಕೆ. ಕಾಲಿನಿಂದ ತೋಳಿಗೂ ಹತ್ತಿತು. ಮಾತ್ರೆ ಹೆಚ್ಚಿಸಿದಷ್ಟೂ ಕಾಯಿಲೆ ಹೆಚ್ಚಿತು. ಇದು ಅವರೊಬ್ಬರ ದುರದೃಷ್ಟವಲ್ಲ. ಮಿದುಳಿನ ಡೋಪಮಿನ್ ವ್ಯವಸ್ಥೆಯ ಮೇಲೆ ಕೆಲಸ ಮಾಡುವ ಈ ಗುಂಪಿನ ಔಷಧಿಗಳಿಗೆ ಅಮೆರಿಕದಲ್ಲಿ 2005 ಮತ್ತು 2006ರಲ್ಲಿ ಈ ಕಾಯಿಲೆಗೆಂದೇ ಅನುಮತಿ ದೊರೆತು, ಅವು ಜಗತ್ತಿನ ಎಲ್ಲೆಡೆ ಮೊದಲ ಆಯ್ಕೆಯಾದವು. ದೀರ್ಘಕಾಲ ಸೇವಿಸಿದವರಲ್ಲಿ ಮದ್ದೇ ರೋಗವನ್ನು ಉಲ್ಬಣಗೊಳಿಸುತ್ತದೆ ಎಂಬುದು ವರ್ಷ ಕಳೆದಂತೆ ಸ್ಪಷ್ಟವಾಯಿತು. ಜೂಜಿನ ಗೀಳು, ಖರೀದಿಯ ಗೀಳು ಹತ್ತಿದ ರೋಗಿಗಳೂ ಇದ್ದಾರೆ. 2025ರಲ್ಲಿ ಅಮೆರಿಕದ ನಿದ್ರಾವೈದ್ಯ ಅಕಾಡೆಮಿಯು ಹೊರಡಿಸಿದ ಮಾರ್ಗಸೂಚಿ ಈ ಔಷಧಿಗಳನ್ನು ವಾಡಿಕೆಯಾಗಿ ಬಳಸಬೇಡಿ ಎಂದೇ ಹೇಳಿತು. ನಮ್ಮಲ್ಲಿ ಅವು ಇನ್ನೂ ಧಾರಾಳವಾಗಿ ಬರೆಯಲ್ಪಡುತ್ತಿವೆ.

ಅದೇ ಮಾರ್ಗಸೂಚಿಯು ಮೇಲಿನ ಸಾಲಿನಲ್ಲಿ ಇಟ್ಟಿರುವುದು ಎರಡನ್ನು: ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್ ಬಗೆಯ ಮಾತ್ರೆಗಳು, ಮತ್ತು ಕಬ್ಬಿಣಾಂಶ. ಎರಡನೆಯದು ಮಂಡ್ಯ ಜಿಲ್ಲೆಗೆ ಬಹಳ ಮುಖ್ಯ. ಈ ಕಾಯಿಲೆಯ ಬೇರಿನಲ್ಲಿ ಅನೇಕರಿಗೆ ಇರುವುದು ಮಿದುಳಿನ ಕಬ್ಬಿಣಾಂಶದ ಕೊರತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇಕಡ 47.8ರಷ್ಟು ಮಂದಿಗೆ ರಕ್ತಹೀನತೆಯಿದೆ. ಆದರೆ ಹಿಮೋಗ್ಲೋಬಿನ್ ಸರಿಯಿದ್ದವರಲ್ಲೂ ದೇಹದ ಕಬ್ಬಿಣದ ದಾಸ್ತಾನು ಬರಿದಾಗಿರಬಹುದು. ಆ ದಾಸ್ತಾನನ್ನು ತಿಳಿಸುವುದು ಫೆರಿಟಿನ್ ಪರೀಕ್ಷೆ. ಪ್ರಯೋಗಾಲಯದ ಚೀಟಿಯಲ್ಲಿ 20 ಅಥವಾ 30 ಎಂದು ಬಂದರೆ 'ಸಹಜ' ಎಂದು ಮುದ್ರಿತವಾಗಿರುತ್ತದೆ; ಈ ಕಾಯಿಲೆಯವರಿಗೆ ಅದು 75ಕ್ಕಿಂತ ಕೆಳಗಿದ್ದರೆ ಕಬ್ಬಿಣಾಂಶ ಕೊಡಬೇಕೆಂಬುದು ತಜ್ಞರ ಅಭಿಪ್ರಾಯ. ಒಂದೆರಡು ಬಾರಿ ರಕ್ತನಾಳದ ಮೂಲಕ ಹನಿಸುವ ಕಬ್ಬಿಣಾಂಶವನ್ನು ನಮ್ಮ ರಾಜ್ಯದ ಗರ್ಭಿಣಿಯರಲ್ಲಿ ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ನೇತೃತ್ವದಲ್ಲಿ ದೊಡ್ಡ ಪ್ರಮಾಣದಲ್ಲಿ ಪ್ರಯೋಗಿಸಿ ನೋಡಲಾಗಿದೆ. ಹಾಗಾಗಿ ಇದು ಅಮೆರಿಕದ ಆಸ್ಪತ್ರೆಗಳಿಗಷ್ಟೇ ಎಟಕುವ ಚಿಕಿತ್ಸೆಯಲ್ಲ. ಶೀತದ ಕೆಲವು ಮಾತ್ರೆಗಳು, ವಾಂತಿ ತಡೆಯುವ ಮೆಟೊಕ್ಲೊಪ್ರಮೈಡ್, ಖಿನ್ನತೆಯ ಕೆಲವು ಔಷಧಿಗಳು ಚಡಪಡಿಕೆಯನ್ನು ಹೆಚ್ಚಿಸುತ್ತವೆ ಎಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು.

ಅತ್ತಿಗೆಗೆ ಕಬ್ಬಿಣಾಂಶ ಕೊಟ್ಟರು, ಸ್ವಲ್ಪ ಹಗುರವಾಯಿತು. ಪ್ರಿಗ್ಯಾಬಲಿನ್ ಕೊಟ್ಟರು, ತಲೆ ತಿರುಗಿ ಬಚ್ಚಲಲ್ಲಿ ಬಿದ್ದರು. ಕೊನೆಗೆ ವೈದ್ಯರು, ಮನೆಯವರನ್ನೆಲ್ಲ ಕೂರಿಸಿಕೊಂಡು ವಿವರಿಸಿ, ಮಾರ್ಫಿನ್ ಕುಲದ ಮಾತ್ರೆಯೊಂದನ್ನು ಅತ್ಯಲ್ಪ ಪ್ರಮಾಣದಲ್ಲಿ ಬರೆದರು. ರಾತ್ರಿಗೆ ಒಂದು. ಆರು ವರ್ಷವಾಯಿತು, ಇನ್ನೂ ಒಂದೇ.

ಈ ಚಿಕಿತ್ಸೆ ಹೊಸದಲ್ಲ. ಈ ಕಾಯಿಲೆಯನ್ನು 1672ರಲ್ಲಿಯೇ ವರ್ಣಿಸಿದ ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ ಅಫೀಮಿನ ದ್ರಾವಣವನ್ನೇ ಮದ್ದಾಗಿ ಬಳಸಿದ್ದ. ಸ್ವೀಡನ್ನಿನ ಕಾರ್ಲ್ ಎಕ್‌ಬೋಮ್ 1945ರಲ್ಲಿ ಅದನ್ನು ಆಧುನಿಕ ವೈದ್ಯಕೀಯದೊಳಕ್ಕೆ ತಂದ ಮೇಲೂ ಓಪಿಯಾಯ್ಡ್‌ಗಳು, ಎಂದರೆ ಅಫೀಮಿನ ಕುಲದ ಔಷಧಿಗಳು, ಕೊನೆಯ ಆಸರೆಯಾಗಿ ಉಳಿದುಕೊಂಡವು. 2013ರಲ್ಲಿ ಯುರೋಪಿನಲ್ಲಿ ಆಕ್ಸಿಕೋಡೋನ್-ನಲೊಕ್ಸೋನ್ ಮಿಶ್ರಣದ ನಿಯಂತ್ರಿತ ಪ್ರಯೋಗದ ಫಲ ಪ್ರಕಟವಾಗಿ, ಅಲ್ಲಿ ತೀವ್ರ ರೋಗಿಗಳಿಗೆ ಎರಡನೆಯ ಹಂತದ ಮದ್ದಾಗಿ ಅದಕ್ಕೆ ಮಾನ್ಯತೆಯೂ ಸಿಕ್ಕಿತು. ಬಳಸುವ ಪ್ರಮಾಣವನ್ನು ಗಮನಿಸಬೇಕು. ಮಾದಕ ವ್ಯಸನಿಗಳ ಚಿಕಿತ್ಸೆಯಲ್ಲಿ ಮೆಥಡೋನ್ ದಿನಕ್ಕೆ ಸಾಮಾನ್ಯವಾಗಿ 60ರಿಂದ 120 ಮಿಲಿಗ್ರಾಂ. ಕಾಲಿನ ಚಡಪಡಿಕೆಗೆ ಅದೇ ಔಷಧಿ ಐದು, ಹತ್ತು ಮಿಲಿಗ್ರಾಂ.

ದೀರ್ಘಕಾಲದ ಬಳಕೆಯ ಸಾಕ್ಷ್ಯವೇನು ಎಂದು ಓದುಗರು ಕೇಳಬೇಕು. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯವರು ಈ ಕಾಯಿಲೆಗಾಗಿ ಓಪಿಯಾಯ್ಡ್ ಸೇವಿಸುವ ಸುಮಾರು 500 ಮಂದಿಯ ನೋಂದಣಿ ಮಾಡಿ ವರ್ಷಗಳಿಂದ ಹಿಂಬಾಲಿಸುತ್ತಿದ್ದಾರೆ. 2023ರಲ್ಲಿ ಪ್ರಕಟವಾದ ಎರಡು ವರ್ಷಗಳ ಲೆಕ್ಕದಲ್ಲಿ ಬಹುಪಾಲು ಜನರ ಪ್ರಮಾಣ ಹೆಚ್ಚೇನೂ ಏರಿರಲಿಲ್ಲ. ಗಣನೀಯವಾಗಿ ಏರಿದವರು ಕೆಲವರು ಇದ್ದರು. ಅರ್ಥಶಾಸ್ತ್ರ ಓದಿದವನಾಗಿ ಇದರ ಮಿತಿಯನ್ನು ಹೇಳದಿರಲಾರೆ. ಔಷಧಿ ಒಗ್ಗಿ, ಅದರಲ್ಲಿಯೇ ಉಳಿದವರು ನೋಂದಣಿಗೆ ಬಂದಿರುತ್ತಾರೆ. ಒಗ್ಗದೆ ಬಿಟ್ಟವರು, ದಾರಿ ತಪ್ಪಿದವರು ಲೆಕ್ಕಕ್ಕೆ ಸಿಗುವುದಿಲ್ಲ. ಮಲಬದ್ಧತೆ, ಮಂಪರು, ಗೊರಕೆಯವರಲ್ಲಿ ಉಸಿರಾಟದ ತಡೆ ಹೆಚ್ಚುವುದು, ಮೆಥಡೋನಿನಿಂದ ಹೃದಯದ ಲಯ ಕೆಡುವ ಸಾಧ್ಯತೆ, ನಿದ್ದೆಮಾತ್ರೆ ಅಥವಾ ಮದ್ಯದೊಡನೆ ಸೇರಿದರೆ ಪ್ರಾಣಾಪಾಯ ಇವೆಲ್ಲ ನಿಜ. 2025ರ ಮಾರ್ಗಸೂಚಿ ಇವುಗಳನ್ನು ತೂಗಿಯೇ ಓಪಿಯಾಯ್ಡ್‌ಗಳಿಗೆ ಷರತ್ತುಬದ್ಧ ಶಿಫಾರಸನ್ನಷ್ಟೇ ಕೊಟ್ಟಿದೆ. ಷರತ್ತುಬದ್ಧ ಎಂದರೆ ನಿಷಿದ್ಧ ಎಂದಲ್ಲ.

ಆದರೆ ನಮ್ಮ ವ್ಯವಸ್ಥೆ ಅದನ್ನು ಹಾಗೆಯೇ ಓದಿಕೊಳ್ಳುತ್ತದೆ. ಸೇವೆಯಲ್ಲಿದ್ದಷ್ಟು ಕಾಲವೂ 1985ರ ಮಾದಕ ವಸ್ತುಗಳ ಕಾಯಿದೆಯ ಹೆಸರನ್ನು ನಾನು ಕಂಡದ್ದು ಪಂಚನಾಮೆಗಳಲ್ಲಿ, ಜಪ್ತಿಯ ವರದಿಗಳಲ್ಲಿ. ಅದೇ ಕಾಯಿದೆಯ 8ನೆಯ ಪ್ರಕರಣವು ವೈದ್ಯಕೀಯ ಮತ್ತು ವೈಜ್ಞಾನಿಕ ಬಳಕೆಗೆ ಅವಕಾಶವಿಟ್ಟಿದೆ ಎಂಬುದನ್ನು ಯಾವ ಸಭೆಯಲ್ಲಿಯೂ ಯಾರೂ ಪ್ರಸ್ತಾಪಿಸಿದ್ದು ನೆನಪಿಲ್ಲ. ಕಾಯಿದೆ ಬಂದ ವರ್ಷ ದೇಶದಲ್ಲಿ ವೈದ್ಯಕೀಯಕ್ಕೆ ಬಳಕೆಯಾದ ಮಾರ್ಫಿನ್ 700 ಕಿಲೋಗೂ ಹೆಚ್ಚು. 1997ರ ಹೊತ್ತಿಗೆ ಅದು 18 ಕಿಲೋಗೆ ಇಳಿಯಿತು. ಆ ಹನ್ನೆರಡು ವರ್ಷಗಳಲ್ಲಿ ದೇಶದ ನೋವು ಕಡಿಮೆಯಾಗಿತ್ತೆಂದು ಯಾರೂ ವಾದಿಸಲಾರರು. ವಿಪರ್ಯಾಸವೆಂದರೆ, ಸರ್ಕಾರದ ಪರವಾನಗಿಯಲ್ಲಿ ಅಫೀಮು ಬೆಳೆಯುವ ವಿರಳ ದೇಶಗಳಲ್ಲಿ ನಮ್ಮದೂ ಒಂದು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶದ ರೈತರು ಬೆಳೆದುದನ್ನು ನೀಮಚ್, ಗಾಜಿಪುರಗಳ ಸರ್ಕಾರಿ ಕಾರ್ಖಾನೆಗಳು ಸಂಸ್ಕರಿಸುತ್ತವೆ. ಅದೇ ಗಿಡದ ಬೀಜವಾದ ಗಸಗಸೆಯ ಪಾಯಸವನ್ನು ಹಬ್ಬದೂಟದಲ್ಲಿ ಕುಡಿದು, ಮಧ್ಯಾಹ್ನ ಕಣ್ಣು ಕೂರಿತೆಂದು ನಗುವವರು ನಾವು.

2014ರ ತಿದ್ದುಪಡಿ ಈ ಪರಿಸ್ಥಿತಿಯನ್ನು ಬದಲಿಸಲೆಂದೇ ಬಂದದ್ದು. ಮಾರ್ಫಿನ್, ಮೆಥಡೋನ್, ಆಕ್ಸಿಕೋಡೋನ್ ಸೇರಿದಂತೆ ಆರು ಔಷಧಿಗಳನ್ನು 'ಅವಶ್ಯಕ ಮಾದಕ ಔಷಧಿ'ಗಳೆಂದು 2015ರಲ್ಲಿ ಅಧಿಸೂಚಿಸಲಾಯಿತು. ಹಲವು ಇಲಾಖೆಗಳ ಪರವಾನಗಿಗಳ ಬದಲು, ರಾಜ್ಯದ ಔಷಧ ನಿಯಂತ್ರಕರಿಂದ ಆಸ್ಪತ್ರೆಯೊಂದು ಮಾನ್ಯತೆ ಪಡೆದರೆ ಸಾಕು ಎಂದಾಯಿತು. ಕೇರಳದ ಡಾ. ಎಂ.ಆರ್. ರಾಜಗೋಪಾಲ್ ಮುಂತಾದವರು ವರ್ಷಗಟ್ಟಲೆ ದೆಹಲಿಗೆ ಅಲೆದುದರ ಫಲವಿದು. ಆದರೆ ಈ ವ್ಯವಸ್ಥೆಯನ್ನು ರೂಪಿಸಿದವರ ಮನಸ್ಸಿನಲ್ಲಿದ್ದುದು ಕ್ಯಾನ್ಸರ್ ನೋವು, ಉಪಶಾಮಕ ಆರೈಕೆ, ವ್ಯಸನ ಚಿಕಿತ್ಸೆ. ನನ್ನ ಅತ್ತಿಗೆಗೆ ಕ್ಯಾನ್ಸರ್ ಇಲ್ಲ, ಅವರು ವ್ಯಸನಿಯೂ ಅಲ್ಲ. ಅವರ ಕಾಯಿಲೆಗೆ ಯಾವ ನಮೂನೆಯಲ್ಲಿಯೂ ಕಾಲಂ ಇಲ್ಲ.

ಒಮ್ಮೆ ನಗರದ ಔಷಧಿ ಅಂಗಡಿಯೊಂದರಲ್ಲಿ ಅವರ ಮಗನನ್ನು ಪಕ್ಕಕ್ಕೆ ನಿಲ್ಲಿಸಿ, ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, 'ಇದು ಬೇಡ, ಬೇರೆ ಡಾಕ್ಟರ ಹತ್ತಿರ ಹೋಗಿ' ಎಂದು ಕಳುಹಿಸಿದರು. ಐದು ದಿನ ಮಾತ್ರೆಯಿಲ್ಲ. ಈ ಔಷಧಿಯನ್ನು ಥಟ್ಟನೆ ನಿಲ್ಲಿಸಿದರೆ ಕಾಲಿನ ಚಡಪಡಿಕೆ ಇಮ್ಮಡಿಸುತ್ತದೆ. ಫೋನಿನಲ್ಲಿ ಅತ್ತಿಗೆ ಕೇಳಿದ್ದು ಇಷ್ಟು: 'ನಾನೇನು ಕಳ್ಳಮಾಲು ತಿಂತಿದೀನೇನಪ್ಪಾ? ಕಾಲು ಸುಮ್ಕಿದ್ರೆ ಸಾಕು ಅಂತ ತಿಂತಿದೀನಿ.'

ಅಂಗಡಿಯವರನ್ನು ದೂರಿ ಪ್ರಯೋಜನವಿಲ್ಲ. ತಪ್ಪು ಕೈಗೆ ಔಷಧಿ ಕೊಟ್ಟರೆ ಅಂಗಡಿಯವನಿಗೆ ಮೊಕದ್ದಮೆ, ವೈದ್ಯನಿಗೆ ವಿಚಾರಣೆ, ಅಧಿಕಾರಿಗೆ ನೋಟಿಸು. ಸರಿಯಾದ ಕೈಗೆ ಕೊಡದಿದ್ದರೆ ಯಾರಿಗೂ ಏನೂ ಆಗುವುದಿಲ್ಲ. ರೋಗಿಗೆ ಮಾತ್ರ ಆಗುತ್ತದೆ. ಎರಡು ತಪ್ಪುಗಳಲ್ಲಿ ಒಂದಕ್ಕೆ ಮಾತ್ರ ಬೆಲೆ ತೆರಬೇಕಾದಾಗ ಬುದ್ಧಿವಂತರೆಲ್ಲ ಇನ್ನೊಂದನ್ನೇ ಮಾಡುತ್ತಾರೆ. ಕಡತವನ್ನು 'ಪರಿಶೀಲಿಸಿ ಮಂಡಿಸಿ' ಎಂದು ಕೆಳಕ್ಕೆ ಕಳುಹಿಸುವ ಕಲೆ ಹುಟ್ಟಿದ್ದೇ ಹೀಗೆ.

ಹಾಗೆಂದು ಭಯಕ್ಕೆ ಆಧಾರವಿಲ್ಲವೆನ್ನಲಾಗದು. 1996ರಲ್ಲಿ ಮಾರುಕಟ್ಟೆಗೆ ಬಂದ ಆಕ್ಸಿಕಾಂಟಿನ್ ಮಾತ್ರೆಯನ್ನು ಅದರ ತಯಾರಕರು ವ್ಯಸನದ ಅಪಾಯ ಕಡಿಮೆಯೆಂದು ಬಿಂಬಿಸಿ ಮಾರಿದರು, 2007ರಲ್ಲಿ ತಪ್ಪೊಪ್ಪಿಕೊಂಡರು. ಅಮೆರಿಕದಲ್ಲಿ 2022ರ ಒಂದೇ ವರ್ಷ ಓಪಿಯಾಯ್ಡ್‌ಗಳಿಂದ ಸತ್ತವರು 80 ಸಾವಿರಕ್ಕೂ ಹೆಚ್ಚು. ಅವರಲ್ಲಿ ಹೆಚ್ಚಿನವರು ಕಳ್ಳಸಾಗಣೆಯ ಫೆಂಟನಿಲ್‌ಗೆ ಬಲಿಯಾದವರು. ಅಲ್ಲಿಯ ಆರೋಗ್ಯ ಸಂಸ್ಥೆ 2016ರಲ್ಲಿ ಹೊರಡಿಸಿದ ಬಿಗಿಯಾದ ಸೂಚನೆಗಳನ್ನು ಅನೇಕ ವೈದ್ಯರು ಅತಿಗೆ ಒಯ್ದು, ಸ್ಥಿರವಾಗಿದ್ದ ರೋಗಿಗಳ ಔಷಧಿಯನ್ನೂ ಹಠಾತ್ತನೆ ಕತ್ತರಿಸಿದರು; 2022ರಲ್ಲಿ ಅದೇ ಸಂಸ್ಥೆ ಸೂಚನೆಗಳನ್ನು ತಿದ್ದಬೇಕಾಯಿತು. ನಮ್ಮಲ್ಲಿಯೂ ಟ್ರಮಡಾಲ್ ದುರ್ಬಳಕೆ ಹೆಚ್ಚಿದ್ದರಿಂದ 2018ರ ಏಪ್ರಿಲ್‌ನಲ್ಲಿ ಅದನ್ನು ಇದೇ ಕಾಯಿದೆಯಡಿ ತರಲಾಯಿತು. ಸರಿಯಾದ ಕ್ರಮವೇ. (ಟ್ರಮಡಾಲ್ ಈ ಕಾಯಿಲೆಯನ್ನು ಕೆಲವರಲ್ಲಿ ಉಲ್ಬಣಗೊಳಿಸುವುದರಿಂದ ಅದು ಒಳ್ಳೆಯ ಆಯ್ಕೆಯೂ ಅಲ್ಲ.)

ನಾನು ಕೇಳುತ್ತಿರುವುದು ಅಂಗಡಿ ಅಂಗಡಿಗಳಲ್ಲಿ ಮಾರ್ಫಿನ್ ಇಡಬೇಕೆಂದಲ್ಲ. ಪಾಂಡವಪುರ, ಶ್ರೀರಂಗಪಟ್ಟಣ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ರೋಗಿ ಇಂದು ಇಂಥ ಚಿಕಿತ್ಸೆಗೆ ಹೋಗಬಹುದಾದ ದೊಡ್ಡ ಆಸ್ಪತ್ರೆಗಳೆಂದರೆ ಮಂಡ್ಯದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಬೆಳ್ಳೂರಿನ ಆದಿಚುಂಚನಗಿರಿ ಆಸ್ಪತ್ರೆ, ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆ. ರೋಗನಿರ್ಣಯ, ಮೊದಲ ಚೀಟಿ, ಆರು ತಿಂಗಳಿಗೊಮ್ಮೆ ತಪಾಸಣೆ, ಹೃದಯದ ಇಸಿಜಿ ಅಂಥ ಕಡೆಯೇ ನಡೆಯಲಿ. ಪ್ರತಿ ತಿಂಗಳ ಮಾತ್ರೆಗಳನ್ನು ಎಣಿಸಿ, ಪುಸ್ತಕದಲ್ಲಿ ಬರೆದು ಕೊಡುವ ಕೆಲಸಕ್ಕೆ ತಾಲ್ಲೂಕು ಆಸ್ಪತ್ರೆಗೆ ಮಾನ್ಯತೆ ಕೊಡಿಸಬಹುದು. ಮೂತ್ರಪಿಂಡ ಕೆಟ್ಟವರಲ್ಲಿ ಈ ಚಡಪಡಿಕೆ ಹೆಚ್ಚು. ತಾಲ್ಲೂಕು ಆಸ್ಪತ್ರೆಗಳಲ್ಲಿ ಡಯಾಲಿಸಿಸ್‌ಗೆ ಬಂದು ನಾಲ್ಕು ಗಂಟೆ ಕಾಲು ಚಾಚಿ ಮಲಗುವವರನ್ನು ಒಂದು ಪ್ರಶ್ನೆ ಕೇಳಿದರೆ ಎಷ್ಟು ಮಂದಿ ಇದ್ದಾರೆಂಬುದು ತಾನಾಗಿ ತಿಳಿಯುತ್ತದೆ. ಫೆರಿಟಿನ್ ಪರೀಕ್ಷೆ ಎಲ್ಲಕ್ಕಿಂತ ಮೊದಲಾಗಲಿ, ಏಕೆಂದರೆ ಅದನ್ನು ಸರಿಯಾಗಿ ಮಾಡಿದರೆ ಅಫೀಮಿನ ಕುಲದ ಮಾತ್ರೆಯವರೆಗೆ ಬರಬೇಕಾದವರ ಸಂಖ್ಯೆಯೇ ಕುಗ್ಗುತ್ತದೆ.

ಇದಕ್ಕೆ ಹೊಸ ಕಾಯಿದೆ ಬೇಡ, ಕೇಂದ್ರದ ಅನುದಾನಕ್ಕೆ ಕಾಯಬೇಕಾಗಿಲ್ಲ. ಔಷಧ ನಿಯಂತ್ರಕರ ಕಚೇರಿಗೆ ಜಿಲ್ಲಾ ಆರೋಗ್ಯಾಧಿಕಾರಿಯಿಂದ ಒಂದು ಅರ್ಜಿ, ತರಬೇತಿ ಪಡೆದ ಒಬ್ಬ ವೈದ್ಯ, ಬೀಗವಿರುವ ಒಂದು ಕಬ್ಬಿಣದ ಬೀರು ಮತ್ತು ಒಂದು ದಾಸ್ತಾನು ಪುಸ್ತಕ. ಬೀರು ಮತ್ತು ಪುಸ್ತಕ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಈಗಾಗಲೇ ಇವೆ.